ಹಳೆಯ ಪಿಕಪ್‌ಗೆ ಬೇರೆ ಎಂಜಿನ್: ಮೊದಲು ರೇಡಿಯೇಟರ್ ನೋಡಿ

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಈರುಳ್ಳಿ ಹೇರಿಕೊಂಡು ಬರುವ ನಿಮ್ಮ ಡೀಸೆಲ್ ಪಿಕಪ್ ನೀಲಿ ಹೊಗೆ ಬಿಡುತ್ತಿದೆಯೇ? ಎಂಜಿನ್ ಚಾಲೂ ಇಟ್ಟು ಆಯಿಲ್ ಮುಚ್ಚಳ ಸಡಿಲಿಸಿ. ಹೊಗೆ ಬುಸುಗುಟ್ಟಿದರೆ ಮಿಸ್ತ್ರಿಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ಅಂದರೆ ಪಿಸ್ಟನ್ ಸುತ್ತಲಿನ ರಿಂಗ್, ಅದು ಓಡಾಡುವ ಕೊಳವೆಯಾದ ಲೈನರ್ ಸವೆದು, ಉರಿದ ಗಾಳಿ ಕೆಳಗೆ ನುಸುಳುತ್ತಿರುತ್ತದೆ. ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕ್, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್ ಗಟ್ಟಿಯಿದ್ದರೆ ಪಿಸ್ಟನ್, ಲೈನರ್ ಬದಲಿಸಿದರೆ ಸಾಕು. ಬ್ಲಾಕ್ ಬಿರುಕು ಬಿಟ್ಟಿದ್ದರೆ ಮಾತ್ರ ಇಡೀ ಎಂಜಿನ್ ಬದಲಿಸಿ.

ಹಳೆಯದು ಏಕೆ ಕೆಟ್ಟಿತು ಎಂಬುದು ತಿಳಿಯುವವರೆಗೆ ಹೊಸದಕ್ಕೆ ಹಣ ಕೊಡಬೇಡಿ. ನಾನು ಅದನ್ನು ನೋಡದೆ ಹಾಕಿಸಿದ ಎಂಜಿನ್ ಮೊದಲ ಬೇಸಿಗೆಯಲ್ಲೇ ಕಾದು ಹೆಡ್ (ಬ್ಲಾಕ್ ಮೇಲಿನ ಮುಚ್ಚಳ) ಡೊಂಕಾಯಿತು. ವರ್ಷಗಟ್ಟಲೆ ಸುರಿದ ಬೋರ್‌ವೆಲ್‌ನ ಸವಳು ನೀರಿನಿಂದ ರೇಡಿಯೇಟರಿನ ನಳಿಗೆಗಳಲ್ಲಿ ಸುಣ್ಣ ಕಟ್ಟಿತ್ತು. ಬಿಸಿ ಎಂಜಿನ್ ಆರಿಸಿ, ಫ್ಯಾನ್ ನಿಂತ ಮೇಲೆ ರೇಡಿಯೇಟರ್ ಮೈಮೇಲೆ ಕೈಯಾಡಿಸಿ. ಅಲ್ಲಲ್ಲಿ ತಣ್ಣಗಿದ್ದರೆ ಆ ಜಾಗ ಕಟ್ಟಿದೆ ಎಂದರ್ಥ. ಅಂಥದ್ದನ್ನು ಬದಲಿಸಿ. ಮುಂದೆ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲಂಟ್ ಮಾತ್ರ ಹಾಕಿ. ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಮುರಿದಿದ್ದರೆ, ಆ ಗಾಳಿ ತಣಿಸುವ ಇಂಟರ್‌ಕೂಲರ್ ಮತ್ತು ಆಯಿಲ್ ಕೂಲರ್‌ಗಳಲ್ಲಿ ಲೋಹದ ಚೂರು ಉಳಿದಿರಬಹುದು, ಅವನ್ನೂ ತೊಳೆಸಬೇಕು.

ಎಂಜಿನ್ ಸಂಖ್ಯೆ ಆರ್‌ಸಿಯಲ್ಲಿ ಇರುವುದರಿಂದ ಬಿಚ್ಚುವ ಮೊದಲೇ ಆರ್‌ಟಿಒ ಅನುಮತಿ ಪಡೆಯಿರಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ಬದಲಾವಣೆಯನ್ನು 14 ದಿನಗಳೊಳಗೆ ತಿಳಿಸಬೇಕು. ಸೆಕೆಂಡ್ ಹ್ಯಾಂಡ್ ಎಂಜಿನ್ ಕೊಳ್ಳುವಾಗ ಬಿಲ್ ಕೇಳಿ; ಸಂಖ್ಯೆ ಉಜ್ಜಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಇಳಿಸುವಾಗ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ವೈರಿಂಗ್ ಫೋಟೊ ತೆಗೆದು, ಪ್ರತಿ ಪ್ಲಗ್‌ಗೆ ಚೀಟಿ ಅಂಟಿಸಿ. ಆಯಿಲ್, ಕೂಲಂಟ್ ಇಳಿಸಿ, ಬಾನೆಟ್ ಮತ್ತು ರೇಡಿಯೇಟರ್ ತೆಗೆಯಿರಿ. ಗೇರ್‌ಬಾಕ್ಸ್ ಕೆಳಗೆ ಜಾಕ್ ಕೊಟ್ಟು, ಎಂಜಿನ್ನಿನ ಎತ್ತುವ ಕೊಕ್ಕೆಗಳಿಗೇ ಚೈನ್ ಹಾಕಿ. ತೂಗುವ ಎಂಜಿನ್ ಕೆಳಗೆ ಯಾರೂ ಕೈಯಿಡಬಾರದು. ಹೊಸದನ್ನು ಕೂರಿಸುವಾಗ ಕ್ಲಚ್ ಪ್ಲೇಟ್ ಮತ್ತು ಮೌಂಟಿಂಗ್ ರಬ್ಬರ್ ಬದಲಿಸುವುದು ಲೇಸು. ಆಮೇಲೆ ಕ್ಲಚ್‌ಗಾಗಿ ಮತ್ತೆ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ.

ಮೊದಲ ಸ್ಟಾರ್ಟ್‌ಗೆ ಅವಸರ ಬೇಡ. ಡೀಸೆಲ್ ತಡೆದು, ಆಯಿಲ್ ದೀಪ ಆರುವವರೆಗೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಅನ್ನು ಬಿಟ್ಟು ಬಿಟ್ಟು ಹೊಡೆಯಿರಿ. ನಂತರ ಡೀಸೆಲ್ ಲೈನಿನ ಗಾಳಿ ತೆಗೆದು ಚಾಲೂ ಮಾಡಿ, ಸೋರಿಕೆ ನೋಡಿ. 1000 ಕಿ.ಮೀ. ವರೆಗೆ ಅರ್ಧ ಹೇರು ಸಾಕು. ಆಮೇಲೆ ಆಯಿಲ್ ಬದಲಿಸುವಾಗ ಇಳಿದ ಎಣ್ಣೆಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಬೆರಳಿಗೆ ಸಿಗುವಷ್ಟು ದಪ್ಪ ಲೋಹದ ಚೂರು ಕಂಡರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಮಿಸ್ತ್ರಿಯನ್ನು ಕರೆಯಿರಿ.