ಬೀಜದ ಟಗರು ಆರಿಸುವ ಮುಂಚೆ ಉಣ್ಣೆ ತೊಳೆದು ತೂಗಿ

ಚಳ್ಳಕೆರೆ ಕಡೆಯ ಒಂದು ರೊಪ್ಪದಲ್ಲಿ ಬೀಜಕ್ಕೆ ಟಗರು ಆರಿಸುವುದನ್ನು ನೋಡಿದ್ದೆ. ಮೈತುಂಬ ಉಣ್ಣೆ ಇದ್ದ ಕರಿ ಟಗರನ್ನು ಎಲ್ಲರೂ ಒಪ್ಪಿದರು. ಆಮೇಲೆ ಕೇಳಿದರೆ, ಅದರ ಉಣ್ಣೆ ಕತ್ತರಿಸಿ ಉಳಿದವಕ್ಕಿಂತ ಎರಡು ತಿಂಗಳು ಜಾಸ್ತಿ ಆಗಿತ್ತು, ಅಷ್ಟೇ! ಪಕ್ಕದಲ್ಲಿದ್ದ ಒಳ್ಳೆಯ ಟಗರು ಅಷ್ಟರಲ್ಲಿ ಸಂತೆಗೆ ಹೋಗಿತ್ತು. ಕಂಬಳಿಗೆ ಉಣ್ಣೆ ಕೊಡುವ ಡೆಕ್ಕನಿ ಕುರಿಗೆ ಇಂಥ ಕಣ್ಣಂದಾಜು ಸಾಲದು.

ಮೊದಲು ಪ್ರತಿ ಟಗರಿನ ಕಿವಿಗೆ ನಂಬರ್ ಹಾಕಿ, ಹಿಂದಿನ ಸಲ ಕತ್ತರಿಸಿದ ತಾರೀಖು ಬರೆದಿಡಿ. ಒಂದೇ ವಯಸ್ಸಿನ, ಒಟ್ಟಿಗೆ ಮೇಯ್ದ ಟಗರುಗಳನ್ನೇ ಹೋಲಿಸಿ. ಹೆಣ್ಣು ಕುರಿಗಳದ್ದು ಬೇರೆ ಲೆಕ್ಕ. ಹಾಲೂಡುವ ಕುರಿಗೆ ಉಣ್ಣೆ ಕಡಿಮೆಯೇ ಬರುತ್ತದೆ, ಅದು ಅದರ ತಪ್ಪಲ್ಲ.

ಮೈ ಪೂರ್ತಿ ಒಣಗಿದ ದಿನ ಕತ್ತರಿಸಿ, ಒಂದೊಂದರ ಉಣ್ಣೆಯನ್ನೂ ಬೇರೆ ಬೇರೆ ಚೀಲದಲ್ಲಿಟ್ಟು ತೂಗಿ. ಹಿಂದಿನ ದಿನ ಕೆರೆಯಲ್ಲಿ ಮೈ ತೊಳೆಸಿ ಹಸಿಯಾಗಿಯೇ ಕತ್ತರಿಸಿದರೆ ನೀರನ್ನೂ ಉಣ್ಣೆ ಅಂತ ತೂಗಿದ ಹಾಗೆ. ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತಕ್ಕಡಿ ಬೇಡವೇ ಬೇಡ, ಗ್ರಾಂ ಲೆಕ್ಕ ಅದಕ್ಕೆ ಸಿಗುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಎಲ್ಲರೂ ಎಡವುವುದು ಇದಾದ ಮೇಲೆ. ಚೀಲದ ತೂಕದಲ್ಲಿ ಮಣ್ಣು, ಬೆವರಿನ ಜಿಡ್ಡು, ಉತ್ತರಾಣಿ ಬೀಜ ಎಲ್ಲವೂ ಸೇರಿರುತ್ತದೆ. ಅದಕ್ಕೇ ಪ್ರತಿ ಟಗರಿನ ಪಕ್ಕೆಯ ನಡುಭಾಗದಿಂದ 20 ಗ್ರಾಂ ಉಣ್ಣೆ ಬೇರೆ ತೆಗೆದಿಡಿ. ಕಾಲಿನ ಹತ್ತಿರದ್ದು ಒರಟು, ಅದು ಬೇಡ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ, ಉಣ್ಣೆಯನ್ನು ತೆಳುವಾದ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮುಳುಗಿಸಿ. ಮೆಲ್ಲಗೆ ಒತ್ತಿ, ಉಜ್ಜಬೇಡಿ. ಉಜ್ಜಿದರೆ ಗಂಟುಕಟ್ಟಿ ಒಳಗಿನ ಮಣ್ಣು ಅಲ್ಲೇ ಉಳಿಯುತ್ತದೆ. ಬಟ್ಟೆ ಒಗೆಯುವ ಪುಡಿಯ ಕ್ಷಾರ ಎಳೆಯನ್ನೇ ಹಾಳುಮಾಡುತ್ತದೆ. ನೀರು ತಿಳಿಯಾಗುವವರೆಗೆ ಬದಲಿಸಿ, ಬೀಜಗಳನ್ನು ಕೈಯಲ್ಲೇ ಆರಿಸಿ, ನೆರಳಲ್ಲಿ ಹರಡಿ. ಬೆರಳಿಗೆ ಒಣಗಿದಂತೆ ಅನಿಸಿದರೂ ಒಳಗೆ ತೇವ ಇರುತ್ತದೆ. ಇವತ್ತಿನ ತೂಕವೂ ನಾಳೆಯ ತೂಕವೂ ಒಂದೇ ಬಂದಾಗ ಮಾತ್ರ ಬರೆದುಕೊಳ್ಳಿ.

ಈಗ ಲೆಕ್ಕ. ಒಂದನೇ ಟಗರಿನ ಉಣ್ಣೆ 400 ಗ್ರಾಂ, ತೊಳೆದಾಗ 20 ಗ್ರಾಂಗೆ 15 ಉಳಿಯಿತು ಅಂದುಕೊಳ್ಳಿ. ಶುದ್ಧ ಉಣ್ಣೆ 300 ಗ್ರಾಂ. ಎರಡನೆಯದ್ದು 450 ಗ್ರಾಂ, ಉಳಿದದ್ದು 12. ಅಂದರೆ 270 ಗ್ರಾಂ. ಒಂದನೆಯದ್ದೇ ಗೆದ್ದಿತು ಅಲ್ವಾ? ದಿನಗಳಿಂದ ಭಾಗಿಸಿ ನೋಡಿ. ಒಂದನೆಯದ್ದು 180 ದಿನದ ಬೆಳೆ, ದಿನಕ್ಕೆ 1.67 ಗ್ರಾಂ. ಎರಡನೆಯದ್ದು ಬರೀ 150 ದಿನದ್ದು, ದಿನಕ್ಕೆ 1.8 ಗ್ರಾಂ. ನಾನಾದರೆ ಎರಡನೆಯದನ್ನೇ ಇಟ್ಟುಕೊಳ್ಳುತ್ತೇನೆ, ಆದರೆ ಇನ್ನೊಂದು ಸಲ ಕತ್ತರಿಸಿ ಇದೇ ಲೆಕ್ಕ ಬಂದ ಮೇಲೆ.

ತೂಕ ಗೆದ್ದ ಟಗರಿನ ಉಣ್ಣೆಯ ಒಂದು ಎಳೆಗೊಂಚಲನ್ನು ಬೆಳಕಿಗೆ ಹಿಡಿಯಿರಿ. ಬಣ್ಣಗೆಟ್ಟ, ಕಡ್ಡಿಯಂಥ ಬಿರುಸು ಕೂದಲು ಜಾಸ್ತಿ ಇದ್ದರೆ ಬಿಡಿ, ಅದು ನೂಲಿಗೆ ಹೊಸೆದುಕೊಳ್ಳುವುದಿಲ್ಲ. ಕಾಲು, ಹಲ್ಲು, ವೃಷಣ ಗಟ್ಟಿ ಇರಲಿ. ಮಾಂಸದ ಆಸೆಗೆ ಯಳಗ ಎಂಬ ಕೂದಲು ಮೈಯ ತಳಿಯ ಟಗರು ತಂದು ಬಿಟ್ಟರೆ ಇಷ್ಟೆಲ್ಲ ತೂಗಿದ್ದು ವ್ಯರ್ಥ, ಮರಿಗಳ ಮೈಮೇಲೆ ಉಣ್ಣೆಗಿಂತ ಕೂದಲೇ ಜಾಸ್ತಿಯಾಗುತ್ತದೆ.

ಆರಿಸಿದ ಟಗರು ಎರಡು ವರ್ಷ ಇರಲಿ. ಆಮೇಲೆ ಅದರ ಹೆಣ್ಣುಮರಿಗಳೇ ಬೆದೆಗೆ ಬರುತ್ತವೆ, ಅಷ್ಟರೊಳಗೆ ಬೇರೆ ಹಟ್ಟಿಯ ಟಗರಿನ ಜೊತೆ ಬದಲಾಯಿಸಿಕೊಳ್ಳಿ. ಕೊಡುವಾಗ ತೂಕ ಬರೆದ ಚೀಟಿಯನ್ನೂ ಜೊತೆಗೆ ಕೊಡಿ.