ಫಾರಿನ್ನಿಗೆ ಫೋನ್ ಮಾಡ್ತೀರಾ? ಮೊದಲು ಆ ಸೊನ್ನೆ ತೆಗೆಯಿರಿ

ಜಯನಗರ, ಬಸವನಗುಡಿ, ಮಲ್ಲೇಶ್ವರ, ಯಾವ ಕಡೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಸಿಗುತ್ತದೆ. ದಿನಾ ವಾಟ್ಸಾಪ್‌ನಲ್ಲಿ ಮುಖ ನೋಡಿಕೊಂಡು ಮಾತಾಡುತ್ತಾರೆ, ಹಾಗಾಗಿ ನಂಬರ್ ಒತ್ತಿ ಫೋನ್ ಮಾಡುವ ಅಭ್ಯಾಸವೇ ತಪ್ಪಿಹೋಗಿದೆ. ಪೇಚಾಟ ಶುರುವಾಗುವುದು ಆ ಕಡೆ ನೆಟ್ ಇಲ್ಲದಾಗ, ಅಥವಾ ಮಗಳ ಹಾಸ್ಟೆಲ್ ಆಫೀಸಿಗೋ ಅಳಿಯ ಅಡ್ಮಿಟ್ ಆದ ಆಸ್ಪತ್ರೆಗೋ ಲ್ಯಾಂಡ್‌ಲೈನಿಗೇ ಮಾಡಬೇಕಾದಾಗ. ಚೀಟಿಯಲ್ಲಿ ಬರೆದುಕೊಂಡ ನಂಬರನ್ನು ಇದ್ದ ಹಾಗೇ ಒತ್ತುತ್ತಾರೆ. ‘ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಅನ್ನುತ್ತದೆ ಆ ಹೆಣ್ಣು ದನಿ. ಮತ್ತೆ ಒತ್ತುತ್ತಾರೆ, ಮತ್ತೆ ಅದೇ ಮಾತು. ‘ಅವರು ನಂಬರ್ ಬದಲಾಯಿಸಿರಬೇಕು ಕಣ್ರೀ’ ಅಂತ ಫೋನ್ ಕೆಳಗಿಡುತ್ತಾರೆ.

ನಂಬರ್ ಸರಿಯಾಗೇ ಇರುತ್ತದೆ. ನಾನು ನೋಡಿದ ಹೆಚ್ಚಿನ ಸಲ ಅಡ್ಡ ಬಂದಿದ್ದು ಒಂದೇ ಒಂದು ಸೊನ್ನೆ.

ಹೆಜ್ಜೆ 1: ಕಂಟ್ರಿ ಕೋಡ್ ಯಾವುದು ಅಂತ ನೋಡಿಕೊಳ್ಳಿ

ಪ್ರತಿ ದೇಶಕ್ಕೂ ಒಂದರಿಂದ ಮೂರು ಅಂಕಿಯ ಕೋಡ್ ಇದೆ. ನಮ್ಮದು 91. ಇದನ್ನೆಲ್ಲ ಹಂಚುವುದು ಐಟಿಯು ಅನ್ನುವ ವಿಶ್ವಸಂಸ್ಥೆಯ ಅಂಗಸಂಸ್ಥೆ. ಕೋಡೂ ಸೇರಿಸಿ ಯಾವ ನಂಬರೂ 15 ಅಂಕಿ ಮೀರಬಾರದು ಅಂತ ಅದರ ನಿಯಮ. ಮೊದಲ ಅಂಕಿ ನೋಡಿದರೇ ಭೂಪಟದ ಯಾವ ಮೂಲೆ ಅಂತ ಸುಮಾರಾಗಿ ಗೊತ್ತಾಗುತ್ತದೆ. 2 ಅಂದರೆ ಹೆಚ್ಚಾಗಿ ಆಫ್ರಿಕಾ, 3 ಮತ್ತು 4 ಯುರೋಪ್, 5 ದಕ್ಷಿಣ ಅಮೆರಿಕದ ಕಡೆ, 6 ಅಂದರೆ ಸಿಂಗಪುರ, ಮಲೇಷ್ಯಾ, ಆಸ್ಟ್ರೇಲಿಯಾದ ಸುತ್ತಮುತ್ತ. 9ರ ಗುಂಪು ನಮ್ಮ ನೆರೆಹೊರೆ: ಪಾಕಿಸ್ತಾನ 92, ಶ್ರೀಲಂಕಾ 94, ನೇಪಾಳ 977, ಯುಎಇ 971. ಬಾಂಗ್ಲಾದೇಶ ಮಾತ್ರ 880, ಆ ಗುಂಪಿನಲ್ಲಿಲ್ಲ.

ಕೋಡ್ ಒಂದು, ದೇಶ ಒಂದು ಅಂತ ತಿಳಿಯಬೇಡಿ. +1 ಅಮೆರಿಕದ್ದೂ ಹೌದು, ಕೆನಡಾದ್ದೂ ಹೌದು, ಜಮೈಕಾ ಥರದ ಹಲವು ಕೆರಿಬಿಯನ್ ದ್ವೀಪಗಳದ್ದೂ ಹೌದು. +7 ರಷ್ಯಾ ಮತ್ತು ಕಜಕಸ್ತಾನ ಎರಡಕ್ಕೂ ಇದೆ. ಇದು ಯಾಕೆ ಮುಖ್ಯ ಅಂತ ದುಡ್ಡಿನ ವಿಷಯ ಬಂದಾಗ ಹೇಳುತ್ತೇನೆ.

ಹೆಜ್ಜೆ 2: + ಒತ್ತಿ

ಮೊಬೈಲಿನಲ್ಲಿ 0 ಕೀಲಿಯನ್ನು ಒತ್ತಿ ಹಿಡಿದರೆ + ಬರುತ್ತದೆ. ಅಷ್ಟೇ. ಲ್ಯಾಂಡ್‌ಲೈನಿನಲ್ಲಿ + ಇಲ್ಲವಲ್ಲ, ಅಲ್ಲಿ ಅದರ ಬದಲು 00 ಒತ್ತಬೇಕು.

ಮೊಬೈಲಿನಲ್ಲೂ 00 ನಡೆಯುತ್ತದೆ, ಆದರೂ ನನ್ನ ಮಾತು ಕೇಳಿ, 00 ಹಾಕಿ ನಂಬರ್ ಸೇವ್ ಮಾಡಬೇಡಿ. 00 ಅನ್ನುವುದು ‘ದೇಶದ ಹೊರಗೆ ಹೋಗ್ತಿದ್ದೀನಿ’ ಅಂತ ಇಲ್ಲಿನ ಎಕ್ಸ್‌ಚೇಂಜಿಗೆ ಹೇಳುವ ಗುರುತು, ಮತ್ತು ಅದು ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕ, ಕೆನಡಾದಲ್ಲಿ 011, ಆಸ್ಟ್ರೇಲಿಯಾದಲ್ಲಿ 0011, ಜಪಾನಿನಲ್ಲಿ 010. ನೀವು ಪ್ಲಸ್ ಹಾಕಿದರೆ ನೀವಿರುವ ದೇಶಕ್ಕೆ ತಕ್ಕದ್ದನ್ನು ನೆಟ್‌ವರ್ಕೇ ನೋಡಿಕೊಳ್ಳುತ್ತದೆ.

ಹೆಜ್ಜೆ 3: ಆ ಸೊನ್ನೆ

ಇಲ್ಲಿ ನಿಧಾನವಾಗಿ ಓದಿ, ಎಲ್ಲರೂ ಎಡವುವುದು ಇಲ್ಲೇ.

ನಮ್ಮೂರಿನ ಎಸ್‌ಟಿಡಿ ಕೋಡ್ ಕೇಳಿದರೆ ಯಾರಾದರೂ 080 ಅನ್ನುತ್ತಾರೆ. ಮೈಸೂರಿಗೆ 0821, ಹುಬ್ಬಳ್ಳಿಗೆ 0836. ನಿಜ ಹೇಳಬೇಕೆಂದರೆ ಬೆಂಗಳೂರಿನ ಕೋಡ್ ಬರೀ 80. ಮುಂದಿನ 0 ಊರಿಗೆ ಸೇರಿದ್ದಲ್ಲ. ‘ಊರು ಬಿಟ್ಟು ಹೊರಗೆ, ಆದರೆ ದೇಶದ ಒಳಗೇ’ ಅಂತ ಎಕ್ಸ್‌ಚೇಂಜಿಗೆ ತಿಳಿಸಲು ಅದನ್ನು ಒತ್ತುತ್ತೇವೆ. ಹೊರದೇಶದಿಂದ ಬರುವ ಕರೆಗೆ ಅದು ಬೇಕಿಲ್ಲ. ಬೇಕಿಲ್ಲ ಅನ್ನುವುದಕ್ಕಿಂತ, ಇದ್ದರೆ ಕರೆ ಕೆಡುತ್ತದೆ. ಹಾಗಾಗಿ ಬೆಂಗಳೂರಿನ ಲ್ಯಾಂಡ್‌ಲೈನ್ +91 80 ಆಗಿ, ಆಮೇಲೆ ಎಂಟು ಅಂಕಿ. +91 080 ಅಂತ ಬರೆದ ವಿಸಿಟಿಂಗ್ ಕಾರ್ಡುಗಳು ಈ ಊರಿನಲ್ಲಿ ಎಷ್ಟಿವೆಯೋ! ದೊಡ್ಡ ದೊಡ್ಡ ಆಫೀಸುಗಳ ಲೆಟರ್‌ಹೆಡ್‌ನಲ್ಲೂ ನೋಡಿದ್ದೇನೆ.

ಇದೇ ಸೊನ್ನೆ ಬೇರೆ ದೇಶಗಳಲ್ಲೂ ಇದೆ. ಲಂಡನ್ನಿನಲ್ಲಿರುವ ಮಗ ತನ್ನ ನಂಬರ್ 07700 900123 ಅಂತ ಹೇಳುತ್ತಾನೆ ಅಂದುಕೊಳ್ಳಿ. ಅವನು ಅಲ್ಲಿನವರಿಗೆ ಹೇಳುವ ಅಭ್ಯಾಸದಲ್ಲಿ ನಿಮಗೂ ಹಾಗೇ ಹೇಳಿರುತ್ತಾನೆ. ನೀವು +44 ಒತ್ತಿ, 0 ಬಿಟ್ಟು, 7700 900123 ಒತ್ತಬೇಕು. ಲ್ಯಾಂಡ್‌ಲೈನ್ 020 7946 0018 ಅಂತಿದ್ದರೆ +44 20 7946 0018. (ಒತ್ತಿ ನೋಡಲು ಹೋಗಬೇಡಿ. ಇವು ನಾಟಕ, ಧಾರಾವಾಹಿಗಳಲ್ಲಿ ತೋರಿಸಲಿಕ್ಕೆಂದು ಬ್ರಿಟನ್ನಿನ ಟೆಲಿಕಾಂ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಎತ್ತಿಟ್ಟಿರುವ ನಂಬರುಗಳು, ಯಾರೂ ಎತ್ತುವುದಿಲ್ಲ.) ಮೊದಲ ಸೊನ್ನೆ ಮಾತ್ರ ತೆಗೆಯಬೇಕು ಅನ್ನುವುದು ನೆನಪಿರಲಿ. ನಂಬರಿನ ನಡುವೆ ಬರುವ ಸೊನ್ನೆಗಳು ಇದ್ದಲ್ಲೇ ಇರಬೇಕು. ಹುರುಪಿನಲ್ಲಿ ಅವನ್ನೂ ಕಿತ್ತು ಹಾಕುವವರಿದ್ದಾರೆ.

ಕೆಲವರು +44 (0)20 7946 0018 ಅಂತ ಬ್ರಾಕೆಟ್ ಹಾಕಿ ಬರೆಯುತ್ತಾರೆ. ಒಳಗಿನವರು ಸೊನ್ನೆ ಒತ್ತಿ, ಹೊರಗಿನವರು ಬಿಡಿ ಅಂತ ಅದರ ಅರ್ಥ. ಓದುವವನಿಗೆ ಅದು ಹೇಗೆ ಗೊತ್ತಾಗಬೇಕು? ನನ್ನ ಪ್ರಕಾರ ಈ ಬ್ರಾಕೆಟ್ಟನ್ನು ಯಾರೂ ಬಳಸಲೇಬಾರದು, ನೀವಂತೂ ನಿಮ್ಮ ನಂಬರನ್ನು ಹೀಗೆ ಬರೆಯಬೇಡಿ.

ಆಸ್ಟ್ರೇಲಿಯಾದ ಮೊಬೈಲುಗಳು 04ರಿಂದ ಶುರುವಾಗುತ್ತವೆ, ನಾವು +61 4 ಒತ್ತಬೇಕು. ದುಬೈಯ 050 ನಮಗೆ +971 50. ಸೌದಿಯ 05 ನಮಗೆ +966 5. ಜರ್ಮನಿಯದೂ ಇದೇ ಕತೆ. ಆದರೆ ಕೊಲ್ಲಿಯ ದೇಶಗಳೆಲ್ಲ ಹೀಗೇ ಅಂತ ಲೆಕ್ಕ ಹಾಕಬೇಡಿ. ಒಮಾನ್, ಕತಾರ್, ಕುವೈತ್, ಬಹರೈನ್‌ಗಳಲ್ಲಿ ಈ ಸೊನ್ನೆಯ ತಾಪತ್ರಯವೇ ಇಲ್ಲ, ಕೋಡ್ ಆದಮೇಲೆ ನೇರವಾಗಿ ಎಂಟು ಅಂಕಿ.

ರಷ್ಯಾದಲ್ಲಿ ಸೊನ್ನೆಯ ಕೆಲಸವನ್ನು 8 ಮಾಡುತ್ತದೆ. ಅಲ್ಲಿ ಮೆಡಿಕಲ್ ಓದುವ ಹುಡುಗ 8 9 ಅಂತ ಶುರುವಾಗುವ ನಂಬರ್ ಕೊಟ್ಟರೆ ಆ 8 ತೆಗೆದು +7 9 ಅಂತ ಮಾಡಿಕೊಳ್ಳಬೇಕು. ಇಟಲಿ ಇದಕ್ಕೆಲ್ಲ ಉಲ್ಟಾ. ಅಲ್ಲಿನ ಲ್ಯಾಂಡ್‌ಲೈನಿನ ಸೊನ್ನೆಯನ್ನು ತೆಗೆಯಲೇಬಾರದು. ರೋಮ್ ನಗರದ 06 ಹೊರಗಿನಿಂದಲೂ +39 06. ಅಲ್ಲಿನ ಮೊಬೈಲುಗಳು 3ರಿಂದ ಶುರುವಾಗುತ್ತವೆ, ಅವಕ್ಕೆ ಸೊನ್ನೆಯೇ ಇಲ್ಲ.

ನಮ್ಮವರಿಗೆ ಸೊನ್ನೆ ಬಿಡಲು ಕಷ್ಟವಾಗುವುದಕ್ಕೆ ಕಾರಣವೂ ಇದೆ. ಹಿಂದೆ ಹೊರ ಊರಿನ ಮೊಬೈಲಿಗೆ ಮಾಡಲು 0 ಒತ್ತುತ್ತಿದ್ದೆವು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡಿದರೂ 0 ಕಡ್ಡಾಯವಾಗಿದೆ. ಕೈಗೆ ರೂಢಿಯಾಗಿಬಿಟ್ಟಿದೆ.

ಹೆಜ್ಜೆ 4: ಅಂಕಿ ಎಣಿಸಿ

ಅಮೆರಿಕದ ನಂಬರ್ ಹತ್ತು ಅಂಕಿ, ನಮ್ಮದೂ ಹತ್ತು. ಅಲ್ಲೇ ಇರುವುದು ಅಪಾಯ. ಕ್ಯಾಲಿಫೋರ್ನಿಯಾದಲ್ಲಿ 925 ಅನ್ನುವ ಏರಿಯಾ ಕೋಡ್ ಇದೆ. ತಂಗಿ ಕೊಟ್ಟ 925ರ ನಂಬರನ್ನು +1 ಇಲ್ಲದೆ ಒತ್ತಿದರೆ ಅದು ನೇರ ನಮ್ಮ ದೇಶದ್ದೇ ಯಾವುದೋ ಮೊಬೈಲಿಗೆ ಹೋಗುತ್ತದೆ. ಸಿಂಗಪುರದ್ದು ಇನ್ನೂ ಮಜಾ. ಅಲ್ಲಿನ ನಂಬರ್ ಎಂಟೇ ಅಂಕಿ, ಕೋಡ್ 65. ಪ್ಲಸ್ ಬಿಟ್ಟು ಬರೆದರೆ 65 ಮತ್ತು ಎಂಟು, ಒಟ್ಟು ಹತ್ತು ಅಂಕಿ. 6ರಿಂದ ಶುರುವಾಗುವ ಮೊಬೈಲ್ ನಂಬರುಗಳು ನಮ್ಮಲ್ಲೂ ಇವೆಯಲ್ಲ. ಸಿಂಗಪುರದ ಭಾವನಿಗೆ ಅಂತ ಮಾಡಿದ ಫೋನನ್ನು ಯಾರೋ ಎತ್ತಿ ಹಿಂದಿಯಲ್ಲಿ ‘ಕೌನ್?’ ಅಂದರೆ ಆಶ್ಚರ್ಯಪಡಬೇಡಿ.

ಹಳೇ ಡೈರಿಯಲ್ಲಿ ಬೆಂಗಳೂರಿನ ಏಳು ಅಂಕಿಯ ಬಿಎಸ್‌ಎನ್‌ಎಲ್ ನಂಬರ್ ಇದ್ದರೆ ಮುಂದೆ 2 ಸೇರಿಸಿ ನೋಡಿ. ಆ ಕಾಲದಿಂದ ಲೈನ್ ಇಟ್ಟುಕೊಂಡವರಿದ್ದರೆ ಸಿಗಬಹುದು.

ಹೆಜ್ಜೆ 5: ಸೇವ್ ಮಾಡಿ, ಸರಿಯಾಗಿ

ಎಲ್ಲ ನಂಬರನ್ನೂ + ಹಾಕಿಯೇ ಸೇವ್ ಮಾಡಿ. ಎಲ್ಲ ಅಂದರೆ ಎಲ್ಲ, ಬೆಂಗಳೂರಿನ ಹಾಲಿನವರದೂ ಸೇರಿಸಿ. ಈಗ ಬರೀ ಹತ್ತು ಅಂಕಿ ಸಾಕಾಗುತ್ತದೆ ಸರಿ. ನಾಳೆ ಮಗಳ ಬಾಣಂತನಕ್ಕೆ ಸಿಯಾಟಲ್‌ಗೆ ಹೋದಾಗ ಅದೇ ಹತ್ತು ಅಂಕಿಯನ್ನು ಅಲ್ಲಿನ ನೆಟ್‌ವರ್ಕ್ ಅಮೆರಿಕದ ನಂಬರ್ ಅಂದುಕೊಳ್ಳುತ್ತದೆ. +91 ಇದ್ದರೆ ಎಲ್ಲಿಂದ ಮಾಡಿದರೂ ಒಂದೇ.

‘ಅವರ ಹೆಸರೇ ವಾಟ್ಸಾಪ್‌ನಲ್ಲಿ ಬರ್ತಿಲ್ಲ’ ಅನ್ನುವ ದೂರಿಗೂ ಹೆಚ್ಚಾಗಿ ಇದೇ ಮದ್ದು. ಕೋಡ್ ಇಲ್ಲದೆ ಅಥವಾ ಸೊನ್ನೆ ಸಮೇತ ಸೇವ್ ಮಾಡಿದ ವಿದೇಶಿ ನಂಬರನ್ನು ಅದು ಗುರುತಿಸುವುದಿಲ್ಲ. ವೀಸಾ ಫಾರಂ ತುಂಬುವಾಗ ಇನ್ನೊಂದು ತಮಾಷೆ ನಡೆಯುತ್ತದೆ. ದೇಶದ ಪಟ್ಟಿಯಲ್ಲಿ ಇಂಡಿಯಾ +91 ಆರಿಸಿ, ಪಕ್ಕದ ಖಾನೆಯಲ್ಲಿ ಮತ್ತೆ 91 ಹಾಕುತ್ತಾರೆ. ಆಮೇಲೆ ಓಟಿಪಿ ಬರಲಿಲ್ಲ ಅಂತ ಕಾಯುತ್ತಾ ಕೂರುತ್ತಾರೆ.

ಹೆಜ್ಜೆ 6: ದುಡ್ಡು

ಹಲವು ಪ್ರಿಪೇಯ್ಡ್ ಸಿಮ್‌ಗಳಲ್ಲಿ ಐಎಸ್‌ಡಿ ಬೇರೆಯಾಗಿ ಆನ್ ಮಾಡಿಸಬೇಕು. ಲ್ಯಾಂಡ್‌ಲೈನಿಗೂ ಅಷ್ಟೇ. ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ಐಎಸ್‌ಡಿ ಪ್ಯಾಕ್ ಹುಡುಕಿ, ಹಾಕಿಸಿಕೊಳ್ಳಿ. ಪ್ಯಾಕ್ ಇಲ್ಲದೆ ಹತ್ತು ನಿಮಿಷ ಮಾತಾಡಿ ಆಮೇಲೆ ಬಿಲ್ ನೋಡಿ ಬೈಯಬೇಡಿ.

ಪ್ಯಾಕ್ ಹಾಕಿಸುವಾಗ ದೇಶಗಳ ಪಟ್ಟಿ ಓದಿ. ಆಗಲೇ ಹೇಳಿದೆನಲ್ಲ, +1 ಅನ್ನುವ ಕೋಡ್ ಹಲವು ದೇಶಗಳದ್ದು. ಅಮೆರಿಕ-ಕೆನಡಾ ಪ್ಯಾಕ್‌ನಲ್ಲಿ ಜಮೈಕಾ ಬರುತ್ತದೆ ಅಂತಿಲ್ಲ, ನಂಬರ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಜಮೈಕಾದ್ದು +1 876. +881 ಕಂಡರೆ ಅದು ಸ್ಯಾಟಲೈಟ್ ಫೋನ್, ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಗೊತ್ತಿಲ್ಲದ ಕೋಡಿನಿಂದ ಒಂದೇ ರಿಂಗ್ ಆಗಿ ಕಟ್ಟಾದ ಮಿಸ್ಡ್ ಕಾಲಿಗೆ ವಾಪಸ್ ಮಾಡಲೇಬೇಡಿ. ನೀವು ವಾಪಸ್ ಮಾಡಲಿ, ದುಬಾರಿ ದರ ಬೀಳಲಿ ಅಂತಲೇ ಹಾಗೆ ಮಾಡುವ ವಂಚಕರಿದ್ದಾರೆ. ವಿದೇಶದ ಕರೆ ಅಂತ ಗೊತ್ತಾಗುತ್ತಿದ್ದರೂ ಸ್ಕ್ರೀನಿನಲ್ಲಿ ನಮ್ಮ ದೇಶದ್ದೇ ನಂಬರ್ ಕಂಡರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ದೂರು ಕೊಡಬಹುದು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

‘ಫ್ರೀ ಇಂಟರ್‌ನ್ಯಾಷನಲ್ ಕಾಲ್’ ಅನ್ನುವ ಹೆಸರಿಲ್ಲದ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ಮೊದಲು ಕಾಂಟ್ಯಾಕ್ಟ್ಸ್ ಕೇಳುತ್ತವೆ, ಆಮೇಲೆ ಜಾಹೀರಾತು ತೋರಿಸುತ್ತವೆ, ಮಾತು ಮಾತ್ರ ಕೇಳಿಸುವುದಿಲ್ಲ. ಸ್ಕೈಪ್ ಬಳಸಿ ಅಂತ ಹಳೇ ಲೇಖನಗಳಲ್ಲಿ ಓದಿದ್ದರೆ ಮರೆತುಬಿಡಿ, ಅದು 2025ರ ಮೇ ತಿಂಗಳಲ್ಲೇ ಮುಚ್ಚಿತು. ದುಬೈ ಕಡೆ ಇರುವವರಿಗೆ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಆದರೆ ಅದರ ಕಾಲ್‌ಗೆ ಅಲ್ಲಿ ಬಹಳ ವರ್ಷಗಳಿಂದ ನಿರ್ಬಂಧವಿದೆ. ಅವರಿಗೆ ಐಎಸ್‌ಡಿಯೇ ನೇರ ದಾರಿ.

ಹೆಜ್ಜೆ 7: ಅಲ್ಲಿ ಗಂಟೆ ಎಷ್ಟು?

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ, ಇವೆರಡೂ ವರ್ಷವಿಡೀ ಹಾಗೇ. ಲಂಡನ್ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ನ್ಯೂಯಾರ್ಕ್ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ. ಬೆಳಗ್ಗೆ ಹನ್ನೊಂದಕ್ಕೆ ಅಡುಗೆ ಮುಗಿಸಿ ನೀವು ಆರಾಮಾಗಿ ಫೋನ್ ಹಿಡಿದರೆ ನ್ಯೂಯಾರ್ಕಿನ ಸೊಸೆಗೆ ಅದು ನಡುರಾತ್ರಿ.

ಅಲ್ಲಿಂದ ಇಲ್ಲಿಗೆ ಮಾಡುವಾಗ

ಮೊಬೈಲಾದರೆ +91, ಮುಗೀತು. ಅಮೆರಿಕದ ಲ್ಯಾಂಡ್‌ಲೈನಾದರೆ 011 91 ಒತ್ತಿ, ಆಮೇಲೆ ಹತ್ತು ಅಂಕಿ. ಆಫೀಸಿನ ಫೋನ್ ಬಳಸುವವರು ಸ್ವಲ್ಪ ಎಚ್ಚರ. ಅಲ್ಲಿನ ಹಲವು ಆಫೀಸುಗಳಲ್ಲಿ ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು. 9 ಆದಮೇಲೆ 011 ಒತ್ತುವಾಗ ಆ 0 ತಪ್ಪಿಹೋದರೆ ಉಳಿಯುವುದು 911, ಅಂದರೆ ಅವರ ಎಮರ್ಜೆನ್ಸಿ ನಂಬರ್. ಹಾಗೇನಾದರೂ ಆದರೆ ಗಾಬರಿಯಲ್ಲಿ ಕಟ್ ಮಾಡಬೇಡಿ, ತಪ್ಪಿ ಬಂತು ಅಂತ ಹೇಳಿ ಇಡಿ. ಕಟ್ ಮಾಡಿದರೆ ಏನಾಯಿತೋ ಅಂತ ಅವರೇ ವಾಪಸ್ ಫೋನ್ ಮಾಡುತ್ತಾರೆ, ಪೊಲೀಸರನ್ನು ಕಳಿಸಲೂಬಹುದು.

ಇನ್ನು ನಮ್ಮ ಬ್ಯಾಂಕುಗಳ 1800 ನಂಬರುಗಳು ಸಾಮಾನ್ಯವಾಗಿ ಹೊರದೇಶದಿಂದ ತಾಗುವುದಿಲ್ಲ, ಮುಂದೆ +91 ಹಾಕಿದರೂ ಕಷ್ಟವೇ. ಕಾರ್ಡ್ ಕಳೆದ ದಿನ ಇದು ಗೊತ್ತಾದರೆ ಪ್ರಯೋಜನವಿಲ್ಲ. ವಿದೇಶದಿಂದ ಮಾಡುವವರಿಗೆ ಅಂತ ಬ್ಯಾಂಕುಗಳು ಬೇರೆ ನಂಬರ್ ಕೊಟ್ಟಿರುತ್ತವೆ. ಕಾರ್ಡಿನ ಹಿಂದೆಯೋ ಅವರ ವೆಬ್‌ಸೈಟಿನಲ್ಲೋ ನೋಡಿ, ವಿಮಾನ ಹತ್ತುವ ಮುಂಚೆ ಪ್ಲಸ್ ಸಮೇತ ಸೇವ್ ಮಾಡಿಕೊಳ್ಳಿ. ಕಾರ್ಡಿನ ಜೊತೆ ಫೋನೂ ಕಳೆದುಹೋಗಬಹುದು, ಹಾಗಾಗಿ ಒಂದು ಚೀಟಿಯಲ್ಲೂ ಬರೆದು ಸೂಟ್‌ಕೇಸಿನಲ್ಲಿ ಹಾಕಿ.