ಇಗ್ನಿಷನ್ ಕಾಯಿಲ್‌ನಿಂದ ಪುಟ್ಟ ಟೆಸ್ಲಾ ಕಾಯಿಲ್: ನಾನು ಕಟ್ಟಿದ ಬಗೆ

ಕಾರಿನ ಎಂಜಿನ್‌ಗೆ ಕಿಡಿ ಒದಗಿಸುವ ಇಗ್ನಿಷನ್ ಕಾಯಿಲ್‌ಗೆ 12 ವೋಲ್ಟ್ ಕೊಟ್ಟು ತಟ್ಟನೆ ಕಡಿದರೆ ಕಿಡಿ ಹಾರುತ್ತದೆ. ಅಷ್ಟಕ್ಕೇ ಅದು ಟೆಸ್ಲಾ ಕಾಯಿಲ್, ಅಂದರೆ ಹೈಫ್ರೀಕ್ವೆನ್ಸಿಯ ಹೈವೋಲ್ಟೇಜ್ ಹುಟ್ಟಿಸಿ ಗಾಳಿಯಲ್ಲಿ ಕಿಡಿ ಹಾರಿಸುವ ಸಾಧನ, ಆಗುವುದಿಲ್ಲ. ಆ ಹೈವೋಲ್ಟೇಜ್ ಮೊದಲು ಒಂದು ಕೆಪಾಸಿಟರ್ ತುಂಬಬೇಕು, ಅದು ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಸಂದು) ದಾಟಿ ಪ್ರೈಮರಿಗೆ (ಕಡಿಮೆ ಸುತ್ತಿನ ಹೊರಸುರುಳಿ) ಖಾಲಿಯಾಗಬೇಕು, ಪ್ರೈಮರಿ ಮತ್ತು ಸೆಕೆಂಡರಿ (ನೂರಾರು ಸುತ್ತಿನ ಒಳಸುರುಳಿ) ಎರಡರ ಫ್ರೀಕ್ವೆನ್ಸಿಯೂ ಒಂದೇ ಆಗಿರಬೇಕು. ಇಗ್ನಿಷನ್ ಕಾಯಿಲ್ ಪ್ರತಿ ಪಲ್ಸ್‌ಗೆ ಕೊಡುವ ಶಕ್ತಿ ಹತ್ತಾರು ಮಿಲಿಜೌಲ್ ಅಷ್ಟೇ. ಉಳಿದ ಅಳತೆಗಳೆಲ್ಲ ಈ ಮಿತಿಗೆ ಹೊಂದಿಕೊಂಡೇ ಬರಬೇಕು.

ಹಳೆಯ ಅಂಬಾಸಡರ್, ಜೀಪುಗಳಲ್ಲಿದ್ದಂಥ ಎಣ್ಣೆ ತುಂಬಿದ ಡಬ್ಬಿ ಕಾಯಿಲ್ ಇದಕ್ಕೆ ಸರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹುಡುಕಬಹುದು. ಮೀಟರ್‌ನಲ್ಲಿ ಈ ಕಾಯಿಲ್‌ನದೇ ಪ್ರೈಮರಿ (12 ವೋಲ್ಟ್ ಕೊಡುವ ಎರಡು ತುದಿಗಳ ನಡುವೆ) ಸುಮಾರು 3 ಓಮ್ ತೋರಿಸಬೇಕು. ಬೈಕಿನ ಸಿಡಿಐ (ಕೆಪಾಸಿಟರ್‌ನಿಂದ ಕಿಡಿ ಕೊಡುವ ಬಗೆಯ) ಕಾಯಿಲ್ ಬೇಡ. ಅದರ ಪ್ರೈಮರಿ ಒಂದು ಓಮ್‌ಗಿಂತ ಕಡಿಮೆ. ನೇರ 12 ವೋಲ್ಟ್ ಕೊಟ್ಟರೆ ಸ್ವಿಚ್ ಮಾಡುವ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಕಾಯಿಲ್‌ನ ಕರೆಂಟನ್ನು ಆನ್-ಆಫ್ ಮಾಡಿಸುವ ಡ್ರೈವರ್‌ಗೆ 555 ಟೈಮರ್ ಐಸಿ ಸಾಕು. 18 ಕೆ ಮತ್ತು 39 ಕೆ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಹಾಕಿದರೆ 4 ಮಿಲಿಸೆಕೆಂಡ್ ಆನ್, 2.7 ಆಫ್, ಸೆಕೆಂಡಿಗೆ 150 ಪಲ್ಸ್. ನಾಲ್ಕು ಮಿಲಿಸೆಕೆಂಡಿನಲ್ಲಿ ಕರೆಂಟ್ ಮೂರೂವರೆ ಆಂಪಿಯರ್ ಮುಟ್ಟಿರುತ್ತದೆ, ಇನ್ನೂ ಎಳೆದರೆ ಕಾಯಿಲ್ ಬಿಸಿಯಾಗುವುದಷ್ಟೇ ಲಾಭ. ಸ್ವಿಚ್‌ಗೆ ಐಎಸ್‌ಎಲ್9ವಿ3040 ಐಜಿಬಿಟಿ (ಹೆಚ್ಚಿನ ವೋಲ್ಟೇಜ್ ತಡೆಯುವ ಟ್ರಾನ್ಸಿಸ್ಟರ್), ಹೀಟ್‌ಸಿಂಕ್ ಸಮೇತ. ವೋಲ್ಟೇಜ್ ಮಿತಿ ಮೀರದಂತೆ ತಡೆಯುವ 400 ವೋಲ್ಟ್ ಕ್ಲ್ಯಾಂಪ್ ಅದರೊಳಗೇ ಇದೆ. ರಿಲೇಗೆ ಹಾಕುವ ಅಭ್ಯಾಸದಲ್ಲಿ ಕಾಯಿಲ್‌ಗೆ ಅಡ್ಡವಾಗಿ 1ಎನ್4007 ಡಯೋಡ್ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಕಿಡಿಯೇ ಬರುವುದಿಲ್ಲ, ಏಕೆಂದರೆ ನಮಗೆ ಬೇಕಾದ ಹಿಮ್ಮುಖ ವೋಲ್ಟೇಜನ್ನೇ ಆ ಡಯೋಡ್ ನುಂಗಿಬಿಡುತ್ತದೆ. 555ರ ಸಪ್ಲೈಗೆ 100 ಓಮ್, 1000 ಮೈಕ್ರೋಫ್ಯಾರಡ್, 15 ವೋಲ್ಟ್ ಝೀನರ್ ಕೊಟ್ಟು ಲೋಹದ ಡಬ್ಬಿಯಲ್ಲಿಡಿ. 12 ವೋಲ್ಟ್ 7 ಎಎಚ್ ಬ್ಯಾಟರಿಯಿಂದ ಸರಾಸರಿ ಸುಮಾರು 1.4 ಆಂಪಿಯರ್ ಹೋಗುತ್ತದೆ.

ಹೆಚ್ಚಿನವರು ಎಡವುವುದು ಕೆಪಾಸಿಟರ್‌ನಲ್ಲಿ. ದೊಡ್ಡದು ಹಾಕಿದರೆ ದೊಡ್ಡ ಕಿಡಿ ಎಂದುಕೊಳ್ಳುತ್ತಾರೆ. ಇಷ್ಟು ಸಣ್ಣ ಶಕ್ತಿಗೆ 10 ನ್ಯಾನೋಫ್ಯಾರಡ್ ಕೊಟ್ಟರೆ ವೋಲ್ಟೇಜ್ ಏರುವುದೇ ಇಲ್ಲ, ಗ್ಯಾಪ್ ಹಾರುವುದಿಲ್ಲ. 2 ಕಿಲೋವೋಲ್ಟಿನ 4.7 ನ್ಯಾನೋಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್ (ಮೈಮೇಲೆ 472 ಎಂದಿರುತ್ತದೆ) ಐದನ್ನು ಸೀರೀಸ್‌ನಲ್ಲಿ ಬೆಸೆದೆ: 0.94 ನ್ಯಾನೋಫ್ಯಾರಡ್, 10 ಕಿಲೋವೋಲ್ಟ್. ಗ್ಯಾಪ್ ಅನ್ನು ಇಗ್ನಿಷನ್ ಕಾಯಿಲ್‌ನ ಔಟ್‌ಪುಟ್‌ಗೆ ಅಡ್ಡವಾಗಿಯೂ ಕೆಪಾಸಿಟರ್ ಮತ್ತು ಪ್ರೈಮರಿಯನ್ನು ಸರಣಿಯಾಗಿಯೂ ಜೋಡಿಸಬೇಕು. ನಡುವಿನ ಹೈಟೆನ್ಷನ್ ವೈರಿಗೆ ಬೈಕಿನ 5 ಕಿಲೋಓಮ್ ಪ್ಲಗ್ ಕ್ಯಾಪ್ ಸೇರಿಸಿದರೆ ಹೈಫ್ರೀಕ್ವೆನ್ಸಿ ಹಿಂದಕ್ಕೆ ನುಗ್ಗುವುದು ತಗ್ಗುತ್ತದೆ.

ಗ್ಯಾಪ್‌ಗೆ ಗುಂಡು ತುದಿಯ ಎರಡು ಹಿತ್ತಾಳೆ ಬೋಲ್ಟ್, ನಡುವೆ ಒಂದೂವರೆಯಿಂದ 2 ಮಿಲಿಮೀಟರ್. ಕಿಡಿಯನ್ನು ನೇರ ದಿಟ್ಟಿಸದೆ ಗಮನಿಸಿ: ತೆಳ್ಳಗಿನ ನೇರಳೆ ಎಳೆ, ಮೆಲ್ಲನೆಯ ಸದ್ದು ಇದ್ದರೆ ಕೆಪಾಸಿಟರ್ ಸಂಪರ್ಕ ಬಿಟ್ಟಿದೆ. ಬೆಳ್ಳಗೆ ಹೊಳೆದು ಚಟಚಟ ಸಿಡಿದರೆ ಸರಿಯಾಗಿದೆ. ಗ್ಯಾಪ್ 3 ಮಿಲಿಮೀಟರ್ ದಾಟಿಸಬೇಡಿ.

ಸೆಕೆಂಡರಿ: 40 ಮಿಲಿಮೀಟರ್ ಪಿವಿಸಿ ಪೈಪಿನ ಮೇಲೆ 36 ಗೇಜ್ ಎನಾಮೆಲ್ ತಂತಿ, 20 ಸೆಂಟಿಮೀಟರ್ ಉದ್ದ, ಸುಮಾರು 900 ಸುತ್ತು. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ 50 ಗ್ರಾಂ ತಂದರೆ ಮಿಗುತ್ತದೆ. ಸುತ್ತಿನ ಮೇಲೆ ಸುತ್ತು ಹತ್ತಿದರೆ ಅಲ್ಲೇ ಕಿಡಿ ಹಾರಿ ತಂತಿ ಸುಡುತ್ತದೆ. ಆಮೇಲೆ ಎರಡು ಕೈ ವಾರ್ನಿಶ್. ತಲೆಗೆ 8 ಸೆಂಟಿಮೀಟರ್ ಲೋಹದ ಗುಂಡು. ಪ್ರೈಮರಿ: 110 ಮಿಲಿಮೀಟರ್ ಪೈಪಿನ ಮೇಲೆ 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹೊದಿಕೆಯ ವೈರ್ 25 ಸುತ್ತು, 14ನೆಯದರಿಂದ ಪ್ರತಿ ಸುತ್ತಿಗೂ ಒಂದು ಟ್ಯಾಪ್ (ಸಂಪರ್ಕ ಕೊಡಲು ಹೊದಿಕೆ ಬಿಡಿಸಿದ ಜಾಗ).

ಲೆಕ್ಕದಲ್ಲಿ ಫ್ರೀಕ್ವೆನ್ಸಿ ಸುಮಾರು 780 ಕಿಲೋಹರ್ಟ್ಸ್, ಟ್ಯಾಪ್ 20ನೇ ಸುತ್ತಿನ ಹತ್ತಿರ. ಅಲ್ಲಿಂದ ಒಂದೊಂದೇ ಸುತ್ತು ಹಿಂದೆ ಮುಂದೆ ಸರಿಸಿ, ಸ್ವಲ್ಪ ದೂರದಲ್ಲಿ ಒರಗಿಸಿಟ್ಟ ಟ್ಯೂಬ್‌ಲೈಟ್ ಎಲ್ಲಿ ಅತಿ ಹೆಚ್ಚು ಬೆಳಗುತ್ತದೋ ಅಲ್ಲಿ ನಿಲ್ಲಿಸಿ. ಗುಂಡು ದೊಡ್ಡದಾದರೆ ಸುತ್ತು ಹೆಚ್ಚು ಬೇಕು. ಹೊಂದಿಕೊಂಡರೆ ಮೂರು ನಾಲ್ಕು ಸೆಂಟಿಮೀಟರ್ ಕಿಡಿ ನಿರೀಕ್ಷಿಸಬಹುದು.

ಪ್ರತಿ ಸಲ ಟ್ಯಾಪ್ ಮುಟ್ಟುವ ಮೊದಲು ಬ್ಯಾಟರಿ ಕಳಚಿ, ಇನ್ಸುಲೇಟೆಡ್ ಹಿಡಿಯ ತಂತಿಯಿಂದ ಕೆಪಾಸಿಟರ್ ಸಾಲನ್ನು ಶಾರ್ಟ್ ಮಾಡಿ. ಸೆಕೆಂಡರಿಯ ಬುಡವನ್ನು ಮನೆಯ ಅರ್ಥಿಂಗ್‌ಗಾಗಲಿ ಬ್ಯಾಟರಿಯ ನೆಗೆಟಿವ್‌ಗಾಗಲಿ ಕೊಡಬಾರದು. ಕೆಳಗೆ ಹಾಸಿದ ದೊಡ್ಡ ಅಲ್ಯೂಮಿನಿಯಂ ತಗಡಿಗೆ ಅಥವಾ ಒದ್ದೆ ಮಣ್ಣಿಗೆ ಹೊಡೆದ ಕಬ್ಬಿಣದ ಸರಳಿಗೆ ಕೊಡಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಓಝೋನ್ ವಾಸನೆ ಬಂದರೆ ಕಿಟಕಿ ತೆರೆಯಿರಿ. ಈ ಫ್ರೀಕ್ವೆನ್ಸಿ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಪಕ್ಕದಲ್ಲೇ ಬೀಳುತ್ತದೆ. ಅಕ್ಕಪಕ್ಕದ ಮನೆಯ ರೇಡಿಯೋ ಕರಕರ ಎನ್ನದಂತೆ ಒಮ್ಮೆಗೆ ಅರ್ಧ ನಿಮಿಷ ಮೀರಿ ಓಡಿಸಬೇಡಿ.